ಕತ್ತಿನ ವಿಷಯವಾಗಿ ಅಧ್ಯಾಪಕ ಬಂಧುಗಳಿಗೆ ಒಂದು ಬಹಿರಂಗ ಪತ್ರ

ನಾಡಿನ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ಮಾನ್ಯ ಅಧ್ಯಾಪಕ, ಅಧ್ಯಾಪಿಕೆಯರಿಗೆ,



36 ವರ್ಷಗಳ ಕಾಲ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿ, ಈಗ ಅರಸೀಕೆರೆ ಸೀಮೆಯ ಹಳ್ಳಿಯೊಂದರಲ್ಲಿ ತೆಂಗಿನ ತೋಟದ ಅಂಚಿನ ಮನೆಯಲ್ಲಿ ವಿಶ್ರಾಂತ ಜೀವನವನ್ನು ನಡೆಸುತ್ತಿರುವ ನಾನು, ತಮ್ಮನ್ನು ಇಂದಿಗೂ ಸಹೋದ್ಯೋಗಿಗಳೆಂದೇ ಭಾವಿಸಿಕೊಂಡು, ಆ ಸಲಿಗೆಯಿಂದಲೇ ಈ ಪತ್ರವನ್ನು ಬರೆಯುತ್ತಿದ್ದೇನೆ. ವೇತನ, ವರ್ಗಾವಣೆ, ಪಠ್ಯಕ್ರಮಗಳನ್ನು ಕುರಿತು ನಮ್ಮ ಸಂಘದ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುವುದನ್ನು ಕೇಳಿದ್ದೇನೆ. ಕತ್ತಿನ ನೋವನ್ನು ಕುರಿತು ವೇದಿಕೆಯ ಮೇಲಿನಿಂದ ಯಾರೊಬ್ಬರೂ ಒಂದು ಮಾತನ್ನಾಡಿದ್ದನ್ನು ಕೇಳಿಲ್ಲ. ಸಭೆ ಮುಗಿದು ಕಾಫಿಯ ಲೋಟ ಹಿಡಿದು ನಿಂತ ಮೇಲಾದರೋ, ಬಿಡುವಾದ ಕೈ ತಾನಾಗಿಯೇ ಹೆಗಲ ಮೇಲಕ್ಕೆ ಹೋಗಿ ಕತ್ತಿನ ಬುಡವನ್ನು ಅಮುಕಿಕೊಳ್ಳದ ಅಧ್ಯಾಪಿಕೆ ಆ ಗುಂಪಿನಲ್ಲಿ ಅಪರೂಪವಾಗಿದ್ದಳು. "ಮೇಷ್ಟ್ರ ಕೆಲಸ ಅಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಯಾರಾದರೊಬ್ಬರು ಹೇಳುವರು, ಉಳಿದವರು ಹೌದೆನ್ನುವರು, ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ಚದುರುವರು. ಆ ಒಂದು ಮಾತು ಸರಿಯಲ್ಲವೆಂದು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದಕ್ಕಾಗಿಯೇ ಈ ಬರೆಹ.

ಮೊದಲು ನನ್ನ ಅನುಭವವನ್ನು ನಿವೇದಿಸುತ್ತೇನೆ. ನನಗೆ ಆಗ 52 ವರ್ಷ. ಎಂಟನೆಯ ತರಗತಿಯ 64 ಕನ್ನಡ ನೋಟುಪುಸ್ತಕಗಳನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ಮನೆಗೆ ತಂದು, ಅಡುಗೆ ಮುಗಿಸಿ, ಮಂಚದ ಮೇಲೆ ಗೋಡೆಗೊರಗಿ ಕುಳಿತು, ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಕೆಂಪು ಶಾಯಿಯಲ್ಲಿ ತಿದ್ದುವುದು ನನ್ನ ಬಹುಕಾಲದ ರೂಢಿಯಾಗಿತ್ತು. ದೀಪವು ಬೆನ್ನ ಹಿಂದಿನ ಗೋಡೆಯಲ್ಲಿದ್ದುದರಿಂದ ನನ್ನ ನೆರಳೇ ಪುಸ್ತಕದ ಮೇಲೆ ಬಿದ್ದು, ಮಕ್ಕಳ ಒತ್ತಕ್ಷರಗಳನ್ನು ಕಾಣಲು ಇನ್ನಷ್ಟು ಬಾಗಬೇಕಾಗುತ್ತಿತ್ತು. ಒಂದು ರಾತ್ರಿ, ನಲವತ್ತನೆಯದೋ ನಲವತ್ತೊಂದನೆಯದೋ ಪುಸ್ತಕದ ಹೊತ್ತಿಗೆ, ಒಳಕೋಣೆಯಿಂದ ಮಗ "ಅಮ್ಮಾ" ಎಂದು ಕೂಗಿದಾಗ ತಿರುಗಿ ನೋಡಲು ಹೋದರೆ ತಲೆ ತಿರುಗಲೊಲ್ಲದು. ಬಲಗಿವಿಯ ಹಿಂದಿನಿಂದ ಹೆಗಲಿನ ತುದಿಯವರೆಗೆ ಕಾದ ತಂತಿಯನ್ನು ಎಳೆದಂತಾಯಿತು. ಅಂದು ಮೊದಲ್ಗೊಂಡು ಎರಡು ವರ್ಷಗಳವರೆಗೆ, ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುವುದು ನನಗೆ ಅಭ್ಯಾಸವಾಯಿತು. ಕರಿಹಲಗೆಯ ಮೇಲ್ತುದಿಯಲ್ಲಿ ದಿನಾಂಕವನ್ನೂ ಪಾಠದ ಹೆಸರನ್ನೂ ಬರೆಯುವ ಕೆಲಸವನ್ನು ತರಗತಿಯ ಎತ್ತರದ ಹುಡುಗನಿಗೆ ವಹಿಸಿಬಿಟ್ಟೆ. ಅವನು ಅದನ್ನು ಗೌರವವೆಂದು ಭಾವಿಸಿ, ಪ್ರತಿದಿನವೂ ಮುಖ ತೊಳೆದು ತಲೆ ಬಾಚಿಕೊಂಡು ಬಂದು ಬರೆಯುತ್ತಿದ್ದನು. ನಿಜವಾದ ಕಾರಣವನ್ನು ಆ ಮಗುವಿಗೆ ನಾನು ಹೇಳಲಿಲ್ಲ.

ವೈದ್ಯರೊಬ್ಬರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, "ಮಣಿಗಳು ಸವೆದಿವೆ, ಇನ್ನು ಬಗ್ಗಬೇಡಿ, ಭಾರ ಎತ್ತಬೇಡಿ" ಎಂದು ಹೇಳಿ, ಕತ್ತಿನ ಪಟ್ಟಿಯೊಂದನ್ನು ಬರೆದುಕೊಟ್ಟರು. ಎಷ್ಟು ದಿನ ಕಟ್ಟಿಕೊಳ್ಳಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹದಿನಾಲ್ಕು ತಿಂಗಳು ಕಟ್ಟಿಕೊಂಡೆ. ಕಟ್ಟಿಕೊಂಡಷ್ಟು ಹೊತ್ತು ಹಿತವೆನಿಸುತ್ತಿತ್ತು. ಬಿಚ್ಚಿದೊಡನೆಯೆ, ಯಾರೋ ಬೇರೊಬ್ಬರ ತಲೆಯನ್ನು ತಂದು ಇಟ್ಟಂತೆ ಭಾರವಾಗುತ್ತಿತ್ತು. "ಸವೆತ" ಎಂಬ ಆ ಒಂದು ಪದವು ನನ್ನಲ್ಲಿ ಹುಟ್ಟಿಸಿದ ಭಯವು ನೋವಿಗಿಂತ ಹೆಚ್ಚಿನ ಹಾನಿಯನ್ನು ಮಾಡಿತೆಂದು ಈಗ ನನಗೆ ತೋರುತ್ತದೆ. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1,211 ಮಂದಿಯ ಕತ್ತುಗಳನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿ, 2015ರಲ್ಲಿ ಪ್ರಕಟಿಸಿದ ವರದಿಯು, ಅವರಲ್ಲಿ ಶೇಕಡ 87ಕ್ಕೂ ಮಿಕ್ಕವರಿಗೆ ಮಣಿಗಳ ನಡುವಣ ಮೆತ್ತೆ ಉಬ್ಬಿಕೊಂಡಿತ್ತೆಂದು ಹೇಳಿದೆ. ಅಷ್ಟು ಜನ ಯಾವ ನೋವೂ ಇಲ್ಲದೆ ಓಡಾಡಿಕೊಂಡಿದ್ದರು. ಕೂದಲು ನೆರೆಯುವಂತೆ ಮಣಿಗಳೂ ವಯಸ್ಸನ್ನು ತೋರಿಸುತ್ತವೆ. ಚಿತ್ರದಲ್ಲಿ ಕಂಡ ಸವೆತವೆಲ್ಲವೂ ನೋವಿನ ಕಾರಣವೆಂದು ತಿಳಿದು ತಾವು ಧೈರ್ಯಗುಂದಬೇಕಾಗಿಲ್ಲ.

ನನ್ನ ಕಣ್ಣು ತೆರೆಸಿದವಳು ನನ್ನದೇ ವಿದ್ಯಾರ್ಥಿನಿ. ಏಳನೆಯ ತರಗತಿಯಲ್ಲಿ ನನ್ನಿಂದ ಸಂಧಿ, ಸಮಾಸ ಕಲಿತು, ಮುಂದೆ ಫಿಸಿಯೋಥೆರಪಿ ಓದಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಆ ಹುಡುಗಿ, ನನ್ನನ್ನು ಅಂಗಾತ ಮಲಗಿಸಿ, "ಮೇಡಂ, ಗದ್ದವನ್ನು ಸ್ವಲ್ಪ ಒಳಕ್ಕೆ ಎಳೆದುಕೊಳ್ಳಿ, ಹಾಗೇ ತಲೆಯನ್ನು ಎರಡು ಬೆರಳಿನಷ್ಟು ಮಾತ್ರ ಮೇಲಕ್ಕೆತ್ತಿ ಹಿಡಿಯಿರಿ" ಎಂದು ಹೇಳಿ, ತನ್ನ ಅಂಗೈಯನ್ನು ನನ್ನ ತಲೆಯ ಕೆಳಗೆ ತೂರಿಸಿ, ಗೋಡೆಯ ಗಡಿಯಾರವನ್ನು ನೋಡುತ್ತ ನಿಂತಳು. ಮೂರು ಎಣಿಸುವಷ್ಟರಲ್ಲಿ ನನ್ನ ಗದ್ದವು ನಡುಗತೊಡಗಿತು. ಐದಕ್ಕೆ ಗದ್ದ ಮುಂದಕ್ಕೆ ಚಾಚಿ, ಕತ್ತಿನ ಎರಡು ಕಡೆಯ ಸ್ನಾಯುಗಳು ಹಗ್ಗದಂತೆ ಸೆಟೆದುಕೊಂಡವು. ಎಂಟನೆಯ ಸೆಕೆಂಡಿಗೆ ತಲೆ ಅವಳ ಅಂಗೈಯ ಮೇಲೆ ಬಿದ್ದಿತು. ನೋವಿಲ್ಲದ ವಯಸ್ಕರು ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸು ಹಿಡಿಯಬಲ್ಲರೆಂದು ತಿಳಿಸಿ, "ಮೂಳೆಯ ಮಾತು ಆಮೇಲೆ ಇರಲಿ ಮೇಡಂ, ಮೊದಲು ಈ ಸ್ನಾಯುಗಳಿಗೆ ಶಕ್ತಿ ಬರಬೇಕು" ಎಂದಳು. ಮೂವತ್ತು ವರ್ಷಗಳಿಂದ ಪ್ರತಿದಿನವೂ ದುಡಿದು ದಣಿಯುತ್ತಿದ್ದ ಕತ್ತು ದುರ್ಬಲವಾಗಿರಬಹುದೆಂಬ ಯೋಚನೆಯೇ ನನಗೆ ಅದುವರೆಗೆ ಬಂದಿರಲಿಲ್ಲ.

ಇದರ ಮರ್ಮವನ್ನು ತಮ್ಮಲ್ಲಿ ವಿಜ್ಞಾನ ಬೋಧಿಸುವವರು ನನಗಿಂತ ಚೆನ್ನಾಗಿ ಬಲ್ಲಿರಿ. ಸನ್ನೆಗಳ ಪಾಠದಲ್ಲಿ, ಆನಿಕೆಯು ನಡುವೆ ಇರುವ ಮೊದಲನೆಯ ವರ್ಗದ ಸನ್ನೆಗೆ ಉದಾಹರಣೆಯಾಗಿ ಏತವನ್ನೂ ಕತ್ತರಿಯನ್ನೂ ಹೇಳಿ, ಅವುಗಳ ಜೊತೆಗೆ ಮನುಷ್ಯನ ತಲೆಯನ್ನೂ ತಾವು ಹೇಳಿರುತ್ತೀರಿ. ತಲೆಯ ಭಾರಕೇಂದ್ರವು ಕತ್ತಿನ ಮೊದಲನೆಯ ಮಣಿಯ ಆನಿಕೆಗಿಂತ ಮುಂದಕ್ಕಿರುವುದರಿಂದ, ಎಚ್ಚರವಾಗಿರುವಷ್ಟು ಹೊತ್ತೂ ಹಿಂಭಾಗದ ಸ್ನಾಯುಗಳು ಲಗಾಮಿನಂತೆ ಹಿಂದಕ್ಕೆ ಎಳೆದು ಹಿಡಿದಿರಬೇಕು. ವಯಸ್ಕನ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಎಂಟೊಂಬತ್ತು ಸುಲಿದ ತೆಂಗಿನಕಾಯಿಗಳ ಚೀಲ. ಅದನ್ನು ಹೊರುವ ಮಣಿಗಳು ಏಳೇ ಏಳು. ಜಿರಾಫೆಯ ಕತ್ತಿನಲ್ಲಿಯೂ ಅಷ್ಟೇ ಇರುವುದೆಂದರೆ ಮಕ್ಕಳು ಎಷ್ಟು ಬೆರಗಾಗುತ್ತಿದ್ದರು! ತಲೆ ನೆಟ್ಟಗಿದ್ದಾಗ ಈ ಭಾರವು ಹಗುರ. ಮುಂದಕ್ಕೆ ಬಾಗಿದಂತೆಲ್ಲ ಸನ್ನೆಯ ತೋಳು ಉದ್ದವಾಗುತ್ತದೆ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, 15 ಡಿಗ್ರಿ ಬಾಗಿದರೆ ಕತ್ತಿನ ಮೇಲಣ ಹೊರೆ ಸುಮಾರು 12 ಕಿಲೋ, 60 ಡಿಗ್ರಿ ಬಾಗಿದರೆ ಸುಮಾರು 27 ಕಿಲೋ. ಅದು ಗಣಿತದ ಅಂದಾಜು, ಜೀವಂತ ಕತ್ತಿನಲ್ಲಿ ಅಳೆದದ್ದಲ್ಲ. ಆದರೂ ತೊಡೆಯ ಮೇಲೆ ಪುಸ್ತಕವನ್ನಿಟ್ಟುಕೊಂಡು ತಿದ್ದುತ್ತಿದ್ದ ರಾತ್ರಿಗಳಲ್ಲಿ ನಾನು ಒಂದು ಅಕ್ಕಿಯ ಮೂಟೆಯನ್ನೇ ಕತ್ತಿಗೆ ಕಟ್ಟಿಕೊಂಡು ಕುಳಿತಿದ್ದೆನೆಂಬುದು ಅದರಿಂದ ನನಗೆ ಮನವರಿಕೆಯಾಯಿತು.

ಇಷ್ಟು ದುಡಿದ ಸ್ನಾಯು ಬಲಿಯಬೇಕಲ್ಲವೇ, ಗದ್ದೆಯಲ್ಲಿ ದುಡಿಯುವವರ ತೋಳು ಬಲಿಯುವಂತೆ, ಎಂದು ತಾವು ಕೇಳಬಹುದು. ಗುದ್ದಲಿ ಹಿಡಿದ ತೋಳು ಬಿಗಿಯುತ್ತದೆ, ಸಡಿಲುತ್ತದೆ, ಆ ಲಯದಲ್ಲಿ ರಕ್ತ ಸಂಚರಿಸುತ್ತದೆ. ನಮ್ಮ ಕತ್ತಾದರೋ ಒಂದೇ ಬಿಗಿತದಲ್ಲಿ ಅಲುಗಾಡದೆ ಗಂಟೆಗಟ್ಟಲೆ ನಿಲ್ಲುತ್ತದೆ. ಬಿಗಿದ ಸ್ನಾಯುವಿನೊಳಕ್ಕೆ ರಕ್ತ ಸರಾಗವಾಗಿ ಹರಿಯದು. ಅದಕ್ಕೆ ದಣಿವು ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೊಂದುಂಟು. ಕತ್ತಿನ ಮುಂಭಾಗದಲ್ಲಿ, ಅನ್ನನಾಳದ ಹಿಂದೆ, ಮಣಿಗಳಿಗೇ ಅಂಟಿಕೊಂಡು ಕೆಲವು ತೆಳುವಾದ ಸ್ನಾಯುಗಳಿವೆ; ಕನ್ನಡಿಯಲ್ಲಿ ಅವು ಕಾಣಿಸವು, ಕೈಗೆ ಸಿಗವು, ಆದರೆ ಒಂದೊಂದು ಮಣಿಯನ್ನೂ ತನ್ನ ಸ್ಥಾನದಲ್ಲಿ ನಿಲ್ಲಿಸಿ ಹಿಡಿಯುವಲ್ಲಿ ಅವುಗಳ ಪಾತ್ರ ದೊಡ್ಡದು. ಕತ್ತು ನೋಯುತ್ತಿರುವವರಲ್ಲಿ ಈ ಒಳಸ್ನಾಯುಗಳು ತಮ್ಮ ಪಾಲಿನ ಕೆಲಸವನ್ನು ತಗ್ಗಿಸಿಬಿಡುತ್ತವೆಂದೂ, ಕಿವಿಯ ಹಿಂದಿನಿಂದ ಎದೆಯ ಮೂಳೆಯವರೆಗೆ ಹಗ್ಗದಂತೆ ಕಾಣುವ ಹೊರಸ್ನಾಯುಗಳು ಆ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ದಣಿಯುತ್ತವೆಂದೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜುಲ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಶ್ರಮಿಸಿ ತೋರಿಸಿದ್ದಾರೆ. ನನ್ನ ಗದ್ದ ನಡುಗಿ, ಹೊರಗಿನ ಸ್ನಾಯುಗಳು ಸೆಟೆದುಕೊಂಡ ಆ ಎಂಟು ಸೆಕೆಂಡುಗಳ ಅರ್ಥ ಇದೇ ಆಗಿತ್ತು.

ಈ ಕಷ್ಟ ನಮ್ಮ ನಾಡಿನ ಅಧ್ಯಾಪಕರಿಗೆ ಮಾತ್ರ ಬಂದದ್ದಲ್ಲ. ಬೇರೆ ಬೇರೆ ದೇಶಗಳ ಶಾಲಾ ಶಿಕ್ಷಕರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಕತ್ತು, ಹೆಗಲು, ಸೊಂಟ ಮೊದಲಾದ ಸ್ನಾಯು ಮೂಳೆಗಳ ನೋವುಳ್ಳವರ ಪ್ರಮಾಣ ಶೇಕಡ 39ರಿಂದ 95ರವರೆಗೆ ಇರುವುದಾಗಿ ಕಂಡುಬಂದಿತು. ಕೇಳಿದ ಬಗೆಗೆ ತಕ್ಕಂತೆ ಸಂಖ್ಯೆ ಏರಿಳಿಯುವುದಾದರೂ, ಅತಿ ಕಡಿಮೆ ಎಂದಾಗಲೂ ಹತ್ತರಲ್ಲಿ ನಾಲ್ವರು! ಒಂದು ವೃತ್ತಿಯಲ್ಲಿ ಇಷ್ಟು ಜನಕ್ಕೆ ಇರುವ ನೋವನ್ನು ಒಬ್ಬೊಬ್ಬರ ಸ್ವಂತ ದೌರ್ಭಾಗ್ಯವೆಂದು ಕರೆಯುವುದು ನ್ಯಾಯವಲ್ಲ.

ನಮ್ಮ ಶಾಲೆಗಳಿಗೇ ವಿಶೇಷವಾದ ಕಾರಣಗಳೂ ಉಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ನಾಡಿನಾದ್ಯಂತ ಹರಡಿದ ನಲಿ-ಕಲಿ ಬೋಧನಾ ಪದ್ಧತಿಯನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ. ಮಕ್ಕಳ ಸಮಕ್ಕೆ ನೆಲದ ಮೇಲೆ ಕುಳಿತು ಕಲಿಸುವುದಕ್ಕಿಂತ ಸುಂದರವಾದ ದೃಶ್ಯ ಶಾಲೆಯಲ್ಲಿ ಬೇರೊಂದಿಲ್ಲ. ಆದರೆ ಗೋಡೆಯ ಬುಡದಲ್ಲಿ, ಮಕ್ಕಳ ಕೈಗೆಟುಕುವಂತೆ ಬಳಿದ ಕಪ್ಪು ಪಟ್ಟಿಯ ಮೇಲೆ ಮಗು ಬರೆದುದನ್ನು ತಿದ್ದಲು ದಿನಕ್ಕೆ ಎಷ್ಟು ಸಲ ತಾವು ಸೊಂಟವನ್ನೂ ಕತ್ತನ್ನೂ ಒಟ್ಟಿಗೆ ಮಣಿಸುತ್ತೀರೆಂಬುದನ್ನು ಒಮ್ಮೆ ಎಣಿಸಿ ನೋಡಿರಿ. ಅದರ ಮೇಲೆ ಹಾಜರಾತಿ, ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ಎಲ್ಲವನ್ನೂ ಅಂಗೈಯಗಲದ ಮೊಬೈಲಿನಲ್ಲಿ ತುಂಬಿಸಬೇಕು. ಸಾಯಂಕಾಲ ಮನೆಗೆ ಬಂದರೆ ಅಧ್ಯಾಪಿಕೆಯರಿಗೆ ಈಳಿಗೆಮಣೆ, ಒಲೆ, ಪಾತ್ರೆ. ಅಲ್ಲಿಯೂ ತಲೆ ಕೆಳಗೇ.

ಇನ್ನು ಪರಿಹಾರದ ಮಾತು. ಫಿನ್‌ಲೆಂಡಿನಲ್ಲಿ ದೀರ್ಘಕಾಲದಿಂದ ಕತ್ತು ನೋಯುತ್ತಿದ್ದ 180 ಮಂದಿ ಕಛೇರಿಯ ಉದ್ಯೋಗಸ್ಥ ಮಹಿಳೆಯರನ್ನು ಮೂರು ಗುಂಪುಗಳಾಗಿ ಮಾಡಿ ಒಂದು ವರ್ಷ ಕಾಲ ಪರೀಕ್ಷಿಸಿದ ವರದಿ 2003ರಲ್ಲಿ ಹೊರಬಂದಿತು. ರಬ್ಬರು ಪಟ್ಟಿಯನ್ನು ತಲೆಗೆ ಸುತ್ತಿ ಅದರ ಎಳೆತಕ್ಕೆ ಎದುರಾಗಿ ಕತ್ತಿನ ಬಲವನ್ನು ಬೆಳೆಸಿಕೊಂಡವರು, ಹಗುರವಾದ ವ್ಯಾಯಾಮವನ್ನು ಹೆಚ್ಚು ಸಲ ಮಾಡಿ ತಾಳಿಕೆಯನ್ನು ಬೆಳೆಸಿಕೊಂಡವರು, ಈ ಎರಡು ಗುಂಪಿನವರಿಗೂ ನೋವು ಗಣನೀಯವಾಗಿ ತಗ್ಗಿತು; ಮೈಯನ್ನು ಹಿಗ್ಗಿಸುವ ವ್ಯಾಯಾಮ ಮತ್ತು ಓಡಾಟದ ಸಲಹೆಯನ್ನಷ್ಟೇ ಪಡೆದವರಿಗೆ ಅಷ್ಟು ತಗ್ಗಲಿಲ್ಲ. ಬಲವರ್ಧನೆಯ ಗುಂಪಿನವರ ಕತ್ತಿನ ಮುಂಬಾಗುವ ಬಲವು ವರ್ಷಾಂತ್ಯಕ್ಕೆ ಇಮ್ಮಡಿಯನ್ನು ಮೀರಿತ್ತು. ಇಷ್ಟಕ್ಕೆ ಹೊತ್ತೆಲ್ಲಿ ಎಂಬುದು ತಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ. ನನ್ನದೂ ಅದೇ ಆಗಿತ್ತು. ಡೆನ್ಮಾರ್ಕಿನಲ್ಲಿ ಕತ್ತು, ಹೆಗಲುಗಳ ನೋವಿದ್ದ 198 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಬ್ಬರು ಕೊಳವೆಯನ್ನು ಹಿಡಿದು ತೋಳುಗಳನ್ನು ಪಕ್ಕಕ್ಕೆ ಎತ್ತುವ ಒಂದೇ ವ್ಯಾಯಾಮವನ್ನು ವಾರಕ್ಕೆ ಐದು ದಿನ, ದಿನಕ್ಕೆ ಎರಡೇ ನಿಮಿಷದಂತೆ ಹತ್ತು ವಾರ ಮಾಡಿದವರಿಗೂ ನೋವು ಕಡಿಮೆಯಾಯಿತು. ಎರಡು ನಿಮಿಷ ನಮಗೆಲ್ಲರಿಗೂ ಉಂಟು.

ನನಗೆ ನನ್ನ ಆ ವಿದ್ಯಾರ್ಥಿನಿ ಕಲಿಸಿದ್ದನ್ನು ತಮಗೆ ಹೇಳುತ್ತೇನೆ. ಬೆಳಿಗ್ಗೆ ಏಳುವ ಮುನ್ನ ಅಂಗಾತ ಮಲಗಿದ್ದಂತೆಯೇ, ತಲೆಯನ್ನು ಎತ್ತದೆ, ಮೆಲ್ಲಗೆ "ಹೂಂ" ಎನ್ನುವವರಂತೆ ಗದ್ದವನ್ನು ಕೆಳಕ್ಕೆ ತಂದು ಹತ್ತು ಸೆಕೆಂಡು ಹಿಡಿದು ಬಿಡುವುದು, ಹೀಗೆ ಹತ್ತು ಸಲ. ಆಗ ಹೊರಗಿನ ಸ್ನಾಯುಗಳು ಸೆಟೆಯಬಾರದು, ಬೆರಳಿಟ್ಟು ನೋಡಿಕೊಳ್ಳಬೇಕು. ಕೆಲವು ವಾರ ಕಳೆದ ಮೇಲೆ, ಕುಳಿತು, ಅಂಗೈಯನ್ನು ಹಣೆಗೆ ಕೊಟ್ಟು ತಲೆಯಿಂದ ಅದನ್ನು ಒತ್ತುವುದು, ತಲೆ ಮಾತ್ರ ಅಲುಗದಂತೆ. ಹಾಗೆಯೇ ಹಿಂದಕ್ಕೆ, ಎರಡು ಪಕ್ಕಕ್ಕೆ, ಐದಾರು ಸೆಕೆಂಡಿನಂತೆ. ಮೊದಲು ಅರ್ಧ ಬಲದಲ್ಲಿ, ನೋವು ಕೆರಳದಿದ್ದರೆ ಕ್ರಮಕ್ರಮವಾಗಿ ಹೆಚ್ಚಿಸುತ್ತ. ರಬ್ಬರು ಪಟ್ಟಿಯ ವ್ಯಾಯಾಮವನ್ನು ಬಲ್ಲವರಿಂದ ಒಮ್ಮೆ ನೋಡಿ ಕಲಿಯುವುದು ಮೇಲು. ನನಗೆ ಮೊದಲ ತಿಂಗಳು ಏನೂ ತಿಳಿಯಲಿಲ್ಲ, ಬಿಟ್ಟುಬಿಡೋಣವೆನಿಸಿತು. ಮೂರನೆಯ ತಿಂಗಳ ಒಂದು ಬೆಳಿಗ್ಗೆ, ಹಲಗೆಯ ಮೇಲೆ ದಿನಾಂಕವನ್ನು ನಾನೇ ಬರೆದು ಮುಗಿಸಿದ ಮೇಲೆ, ಅದನ್ನು ನಾನು ಬರೆದೆನೆಂಬುದು ಅರಿವಿಗೆ ಬಂದಿತು. ಆ ಎತ್ತರದ ಹುಡುಗನು ಆಗ ಹತ್ತನೆಯ ತರಗತಿಯಲ್ಲಿದ್ದನು.

ಪುಸ್ತಕ ತಿದ್ದುವ ರೀತಿಯನ್ನು ದಯಮಾಡಿ ಬದಲಿಸಿಕೊಳ್ಳಿರಿ. ನಮ್ಮ ಹಿರಿಯರು ಪುರಾಣ ಓದುವಾಗ ಗ್ರಂಥವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ವ್ಯಾಸಪೀಠದ ಮೇಲಿಟ್ಟು ಓದುತ್ತಿದ್ದರು. ಶಾನುಭೋಗರ ಬರೆಯುವ ಪೆಟ್ಟಿಗೆಯ ಮುಚ್ಚಳವೂ ಇಳಿಜಾರಾಗಿಯೇ ಇರುತ್ತಿತ್ತು. ಪವಿತ್ರ ಗ್ರಂಥದ ಗೌರವಕ್ಕೆಂದು ಮಾಡಿದ ಪೀಠವು ಓದುವವನ ಕತ್ತನ್ನೂ ಕಾಪಾಡುತ್ತಿತ್ತೆಂದು ನಾನು ನಂಬುತ್ತೇನೆ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳನ್ನಿಟ್ಟು ಅದಕ್ಕೆ ಒಂದು ಹಲಗೆಯನ್ನು ಓರೆಯಾಗಿ ಆನಿಸಿದರೆ ತಮ್ಮ ವ್ಯಾಸಪೀಠ ಸಿದ್ಧ. ದೀಪ ಎದುರಿಗೋ ಎಡಗಡೆಗೋ ಇರಲಿ. ಹತ್ತು ಪುಸ್ತಕಗಳಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಹಲಗೆಯ ಮೇಲೆ ಬರೆಯುವಾಗ ಕಣ್ಣಿನ ಮಟ್ಟದ ಭಾಗವನ್ನೇ ಹೆಚ್ಚಾಗಿ ಬಳಸಿ, ತುಂಬಿದೊಡನೆ ಅಳಿಸಿ ಮತ್ತೆ ಬರೆಯಿರಿ.

ತಮ್ಮಲ್ಲಿ ಮುಖ್ಯೋಪಾಧ್ಯಾಯರಾಗಿರುವವರಿಗೆ ಪ್ರತ್ಯೇಕವಾದ ವಿಜ್ಞಾಪನೆಯೊಂದಿದೆ. ಪ್ರಾರ್ಥನೆಯಾದ ಮೇಲೆ ದೈಹಿಕ ಶಿಕ್ಷಕರು ಮಕ್ಕಳಿಗೆ ಕವಾಯತು ಮಾಡಿಸುವಾಗ ನಾವೆಲ್ಲರೂ ಕೈಕಟ್ಟಿಕೊಂಡು ಸಾಲುಗಳ ಹಿಂದೆ ನಿಂತಿರುತ್ತೇವೆ. ಆ ಹೊತ್ತಿನಲ್ಲಿ ಎರಡು ನಿಮಿಷ ಅಧ್ಯಾಪಕರೂ ತೋಳೆತ್ತುವಂತೆ ತಾವು ಏರ್ಪಡಿಸಬೇಕು, ತಾವೇ ಮೊದಲು ನಿಲ್ಲಬೇಕು. ಮಾಹಿತಿ ತುಂಬಿಸುವ ಕೆಲಸವನ್ನು ಕಿರಿಯ ಶಿಕ್ಷಕಿಯೊಬ್ಬಳ ಮೊಬೈಲಿಗೇ ಪೂರ್ತಿ ಒಪ್ಪಿಸದೆ, ಶಾಲೆಯಲ್ಲಿ ಗಣಕಯಂತ್ರವಿದ್ದರೆ ಅದರ ಮುಂದೆ ನೆಟ್ಟಗೆ ಕುಳಿತು ಮಾಡಲು ಒಂದು ಅವಧಿಯನ್ನು ಬಿಡಿಸಿಕೊಡಬೇಕು. ಅನುದಾನದಲ್ಲಿ ಕುರ್ಚಿ ಕೊಳ್ಳುವಾಗ, ಅದರಲ್ಲಿ ಕೂರುವವರನ್ನೇ ಕರೆದೊಯ್ದು ಕೂರಿಸಿ ನೋಡಿ ಕೊಳ್ಳಬೇಕು.

ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಅಪಚಾರವಾದೀತು. ತೋಳಿನಲ್ಲಿ ಜೋಮು, ಬೆರಳುಗಳಲ್ಲಿ ಬಲಹೀನತೆ, ಸೀಮೆಸುಣ್ಣ ಕೈಯಿಂದ ಜಾರುವುದು, ನಡೆಯುವಾಗ ಹೆಜ್ಜೆ ತಪ್ಪುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದೊಡನೆ ಕತ್ತು ಸೆಟೆಯುವುದು, ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮದ ಮಾತನ್ನು ಬದಿಗಿಟ್ಟು ತಕ್ಷಣ ವೈದ್ಯರನ್ನು ಕಾಣಿರಿ. ಕತ್ತನ್ನು ಹಿಡಿದು ಥಟ್ಟನೆ ತಿರುಗಿಸಿ ಲಟಿಕೆ ತೆಗೆಯುವವರಿಗೆ ತಮ್ಮ ಕತ್ತನ್ನು ಎಂದಿಗೂ ಒಪ್ಪಿಸಬೇಡಿರಿ. ಮಿದುಳಿಗೆ ರಕ್ತವನ್ನು ಒಯ್ಯುವ ನಾಳಗಳು ಅಲ್ಲಿಯೇ ಮಣಿಗಳ ರಂಧ್ರಗಳ ಮೂಲಕ ಸಾಗುತ್ತವೆ.

ಇಂದು ಬೆಳಿಗ್ಗೆ, ಈ ಪತ್ರಕ್ಕೆ ಕುಳಿತುಕೊಳ್ಳುವ ಮುನ್ನ, ಅಂಗಾತ ಮಲಗಿ, ಗದ್ದವನ್ನು ಒಳಕ್ಕೆಳೆದುಕೊಂಡು, ತಲೆಯನ್ನು ಎರಡು ಬೆರಳಿನಷ್ಟು ಎತ್ತಿ ಹಿಡಿದೆ. ಮೊಮ್ಮಗಳು ಗಡಿಯಾರವನ್ನು ನೋಡಿ ಎಣಿಸಿದಳು. ನನಗೆ ಈಗ 67 ವರ್ಷ; ಮೂವತ್ತೊಂದರವರೆಗೆ ಬಂದಿತು.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ಕನ್ನಡ ಅಧ್ಯಾಪಿಕೆ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ